ಕೃತಕ ಸೊಂಟದ ಕೀಲು: ಮರುಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ತಡೆ

ಸೊಂಟದ ಕೀಲು ಸವೆದು ಹೆಜ್ಜೆ ಇಡಲಾಗದವರಿಗೆ ಕೃತಕ ಕೀಲು ಜೋಡಿಸುವುದು ಈಗ ಅಪರೂಪದ ಚಿಕಿತ್ಸೆಯಲ್ಲ. ನಿಮ್ಮ ಬಂಧುಗಳಲ್ಲೋ ನೆರೆಹೊರೆಯಲ್ಲೋ ಅಂತಹವರು ಒಬ್ಬರಾದರೂ ಇರಬಹುದು. ತೊಡೆಮೂಳೆಯ ತುದಿಯ ಗುಂಡನ್ನು ತೆಗೆದು ಅದರ ಜಾಗದಲ್ಲಿ ಲೋಹದ ಇಲ್ಲವೆ ಸೆರಾಮಿಕ್ಕಿನ ಗುಂಡು, ಅದು ತಿರುಗುವ ಕುಳಿಯಲ್ಲಿ ಪ್ಲಾಸ್ಟಿಕ್ಕಿನ ಬಟ್ಟಲು. ಸ್ಥೂಲವಾಗಿ ಇಷ್ಟೇ ಅದರ ರಚನೆ. 2019ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ಇಂತಹ ನೂರು ಕೀಲುಗಳಲ್ಲಿ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವೆ. ಉಳಿದವುಗಳ ಗತಿ? ಅವು ಸಡಿಲಗೊಳ್ಳುತ್ತವೆ, ಸವೆಯುತ್ತವೆ, ಗುಂಡು ಬಟ್ಟಲಿನಿಂದ ಜಾರುತ್ತದೆ, ಇಲ್ಲವೆ ಸೋಂಕು ತಗಲುತ್ತದೆ. ಆಗ ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸಬೇಕು. ವೈದ್ಯರು ಇದನ್ನು 'ರಿವಿಷನ್' ಎನ್ನುತ್ತಾರೆ. ನಾವು ಮರುಶಸ್ತ್ರಚಿಕಿತ್ಸೆ ಎನ್ನೋಣ.

ಮೊದಲ ಸಲ ಕೀಲು ಬದಲಿಸಿದಾಗ ಆಳದ ಸೋಂಕು ಕಾಣಿಸುವುದು ನೂರಕ್ಕೆ ಒಬ್ಬರ ಆಸುಪಾಸಿನಲ್ಲಿ. ಮರುಶಸ್ತ್ರಚಿಕಿತ್ಸೆಯಲ್ಲಿ ಈ ಪ್ರಮಾಣ ಹಲವು ಪಟ್ಟು ಹೆಚ್ಚು. ಅದೇ ವೈದ್ಯರು, ಅದೇ ಕೊಠಡಿ, ಅದೇ ಔಷಧಿ. ಆದರೂ ಹೀಗೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ವೈದ್ಯಶಾಸ್ತ್ರದ ಜೊತೆಗೆ ನಮ್ಮ ತರಗತಿಯ ಸ್ನಿಗ್ಧತೆ, ವಿಸರಣೆ, ಸಂಭವನೀಯತೆ, ಶ್ರವಣಾತೀತ ಧ್ವನಿ ಎಲ್ಲವೂ ಎದುರಾಗುತ್ತವೆ. ಭೌತವಿಜ್ಞಾನದವನಾದ ನಾನು ಈ ವಿಷಯಕ್ಕೆ ಕೈ ಹಾಕಿರುವುದಕ್ಕೆ ಅದೇ ನೆಪ.

ಚಾರ್ನ್‌ಲಿ ಕಲಿತ ಪಾಠ

ಇಂದಿನ ಕೃತಕ ಸೊಂಟದ ಕೀಲಿನ ಜನಕ ಎಂದು ಹೆಸರಾದವರು ಇಂಗ್ಲೆಂಡಿನ ಶಸ್ತ್ರಚಿಕಿತ್ಸಕ ಜಾನ್ ಚಾರ್ನ್‌ಲಿ (1911–1982). ಲ್ಯಾಂಕಶೈರಿನ ರೈಟಿಂಗ್ಟನ್ ಆಸ್ಪತ್ರೆ ಅವರ ಕಾರ್ಯಕ್ಷೇತ್ರ. 1950ರ ದಶಕದ ಕೊನೆಯಲ್ಲಿ ಅವರು ಟೆಫ್ಲಾನ್ ಬಟ್ಟಲುಗಳನ್ನು ಬಳಸಿದರು. ಟೆಫ್ಲಾನಿಗೆ ಘರ್ಷಣೆ ಬಹಳ ಕಡಿಮೆ ಎಂಬುದು ನಿಮಗೆ ಗೊತ್ತು. ಆದರೆ ಘರ್ಷಣೆ ಕಡಿಮೆ ಎಂದ ಮಾತ್ರಕ್ಕೆ ಸವೆತ ಕಡಿಮೆ ಎಂದಲ್ಲ. ಕೆಲವೇ ವರ್ಷಗಳಲ್ಲಿ ಬಟ್ಟಲುಗಳು ಸವೆದು, ಆ ಪುಡಿಯಿಂದ ಸುತ್ತಲಿನ ಅಂಗಾಂಶ ಕೆರಳಿತು. ಸುಮಾರು 300 ರೋಗಿಗಳ ಕೀಲುಗಳು ಹೀಗೆ ಕೆಟ್ಟವು. ಟೆಫ್ಲಾನ್ ಪುಡಿಯನ್ನು ಚಾರ್ನ್‌ಲಿ ತಮ್ಮ ತೊಡೆಗೇ ಸೇರಿಸಿಕೊಂಡು ಪರೀಕ್ಷೆ ಮಾಡಿಕೊಂಡರು. ಅಲ್ಲಿ ಗಂಟು ಎದ್ದಿತು. 1962ರ ನವೆಂಬರಿನಿಂದ ಅವರು ಹೆಚ್ಚು ಸಾಂದ್ರತೆಯ ಪಾಲಿಥಿಲೀನ್ ಬಳಸತೊಡಗಿದರು. ಅದು ನಿಂತಿತು.

ಟೆಫ್ಲಾನ್ ಕೀಲುಗಳನ್ನು ಬಿಚ್ಚಿ ಮತ್ತೆ ಜೋಡಿಸುವ ಕೆಲಸ ಅವರದೇ ಪಾಲಿಗೆ ಬಂತು. ಸವೆತದ ಸಮಸ್ಯೆ ಹಿಡಿತಕ್ಕೆ ಬಂದಾಗ ಇನ್ನೊಂದು ಸಮಸ್ಯೆ ಎದುರಿಗಿತ್ತು. ಆರಂಭದ ದಿನಗಳಲ್ಲಿ ಅವರ ರೋಗಿಗಳಲ್ಲಿ ಶೇ. 7ರಷ್ಟು ಮಂದಿಗೆ ಸೋಂಕು ತಗಲುತ್ತಿತ್ತು. ಬೇರೆ ಶಸ್ತ್ರಚಿಕಿತ್ಸೆಯಲ್ಲಾದರೆ ಕೀವು ತೆಗೆದು ಗಾಯ ಮಾಯಿಸಬಹುದು. ಇಲ್ಲಿ ಹಾಗಲ್ಲ, ಕೀಲನ್ನೇ ಕಿತ್ತುಹಾಕಬೇಕಾದ ಪರಿಸ್ಥಿತಿ ಒದಗುತ್ತಿತ್ತು.

ದಾರದ ಎಳೆ ಮಾಡಿದ ವ್ಯತ್ಯಾಸ

ಲೋಹವೋ ಪ್ಲಾಸ್ಟಿಕ್ಕೋ ಒಳಗಿದ್ದರೆ ಸೋಂಕು ಇಷ್ಟು ಹಟಮಾರಿಯಾಗುವುದು ಏಕೆ? 1957ರಲ್ಲಿ ಎಲೆಕ್ ಮತ್ತು ಕೋನೆನ್ ಎಂಬುವರು ಇಂಗ್ಲೆಂಡಿನಲ್ಲಿ ಸ್ವಯಂಸೇವಕರ ಮೇಲೆ ಒಂದು ಪ್ರಯೋಗ ನಡೆಸಿದರು. ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯವನ್ನು ಚರ್ಮದಡಿಗೆ ಚುಚ್ಚಿ, ಕೀವು ಹುಟ್ಟಲು ಎಷ್ಟು ಬ್ಯಾಕ್ಟೀರಿಯ ಬೇಕು ಎಂದು ಅಳೆದರು. ಬರಿಯ ಚರ್ಮಕ್ಕೆ ಹತ್ತಾರು ಲಕ್ಷ ಬೇಕಾಯಿತು. ಅದೇ ಜಾಗದಲ್ಲಿ ರೇಷ್ಮೆ ದಾರದ ಒಂದು ಹೊಲಿಗೆ ಹಾಕಿದ್ದರೆ? ನೂರರಷ್ಟು ಸಾಕಾಯಿತು. ಒಂದು ಎಳೆ ದಾರ ದೇಹದ ರಕ್ಷಣೆಯನ್ನು ಸುಮಾರು ಹತ್ತು ಸಾವಿರ ಪಟ್ಟು ತಗ್ಗಿಸಿತು. ಈ 'ನೂರು' ಎಂಬ ಸಂಖ್ಯೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕಾರಣ ಹೀಗೆ. ರಕ್ತನಾಳಗಳಿರುವುದು ಜೀವಂತ ಅಂಗಾಂಶದಲ್ಲಿ. ಬಿಳಿ ರಕ್ತಕಣಗಳು ಬರುವುದೂ ಔಷಧಿ ತಲುಪುವುದೂ ಆ ನಾಳಗಳ ಮೂಲಕವೇ. ಲೋಹದ ಮೇಲ್ಮೈಗೆ ಅಂತಹ ಸಂಪರ್ಕವಿಲ್ಲ. ಅದರ ಮೇಲೆ ಕುಳಿತ ಬ್ಯಾಕ್ಟೀರಿಯ ಅಂಟಿಕೊಂಡು, ವಿಭಜನೆಯಾಗುತ್ತ, ಸಕ್ಕರೆ ಮತ್ತು ಪ್ರೋಟೀನುಗಳ ಲೋಳೆಯನ್ನು ಸ್ರವಿಸಿ ಅದರೊಳಗೆ ಬೀಡು ಬಿಡುತ್ತದೆ. ಇದೇ ಬಯೋಫಿಲ್ಮ್, ಅಂದರೆ ಜೈವಿಕ ಪೊರೆ. ಬೆಳಿಗ್ಗೆ ಹಲ್ಲಿನ ಮೇಲೆ ನಾಲಗೆ ಆಡಿಸಿದಾಗ ಸಿಗುವ ಲೋಳೆ, ತೊಳೆಯದ ನೀರಿನ ತೊಟ್ಟಿಯ ಗೋಡೆಯ ಜಾರು – ಇವೂ ಅದೇ ಜಾತಿಯವು. ಪೊರೆಯೊಳಗಿನ ಬ್ಯಾಕ್ಟೀರಿಯಗಳಲ್ಲಿ ಅನೇಕವು ಬೆಳವಣಿಗೆಯನ್ನು ನಿಧಾನಗೊಳಿಸಿ ಮಲಗಿದಂತಿರುತ್ತವೆ. ಬಹುಪಾಲು ಪ್ರತಿಜೈವಿಕಗಳು ಕೊಲ್ಲುವುದು ಬೆಳೆಯುತ್ತಿರುವ ಬ್ಯಾಕ್ಟೀರಿಯವನ್ನು. ಹಾಗಾಗಿ ದ್ರವದಲ್ಲಿ ತೇಲುವ ಬ್ಯಾಕ್ಟೀರಿಯವನ್ನು ಕೊಲ್ಲುವ ಔಷಧಿಯ ನೂರರಿಂದ ಸಾವಿರ ಪಟ್ಟು ಬೇಕಾದರೂ ಆಶ್ಚರ್ಯವಿಲ್ಲ. ಅಷ್ಟು ಔಷಧಿಯನ್ನು ರಕ್ತದ ಮೂಲಕ ಕೊಟ್ಟರೆ ಮೂತ್ರಪಿಂಡ ಉಳಿಯುವುದಿಲ್ಲ.

1987ರಲ್ಲಿ ಅಮೆರಿಕದ ಆಂಟನಿ ಗ್ರಿಸ್ಟಿನಾ ಇದನ್ನು 'ಮೇಲ್ಮೈಗಾಗಿ ಓಟದ ಪಂದ್ಯ' ಎಂದು ವರ್ಣಿಸಿದರು. ಒಂದು ಕಡೆ ನಮ್ಮ ಮೂಳೆಯ ಜೀವಕೋಶಗಳು, ಇನ್ನೊಂದು ಕಡೆ ಬ್ಯಾಕ್ಟೀರಿಯ. ಯಾರು ಮೊದಲು ಲೋಹವನ್ನು ಆವರಿಸುವರೋ ಜಾಗ ಅವರದು. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಬ್ಯಾಕ್ಟೀರಿಯ ನೂರು ಇದ್ದದ್ದು ಹತ್ತು ಲಕ್ಷವಾಗಲು ಎಷ್ಟು ಹೊತ್ತು ಬೇಕು? ಹದಿಮೂರು ಚಿಲ್ಲರೆ ಇಮ್ಮಡಿಗಳು. ಅಂದರೆ ಏಳು ಗಂಟೆಯೂ ಹಿಡಿಯದು. ಮೂಳೆ ಬೆಳೆದು ಲೋಹವನ್ನು ಹಿಡಿಯಲು ವಾರಗಳೇ ಬೇಕು. ನಮ್ಮ ಕಡೆಯವರು ಗೆಲ್ಲಬೇಕಾದರೆ ಎದುರಾಳಿಗಳ ಸಂಖ್ಯೆ ಆರಂಭದಲ್ಲೇ ಸೊನ್ನೆಗೆ ಹತ್ತಿರವಿರಬೇಕು.

ಶತ್ರು ಒಳಗೇ ಇದ್ದರೆ?

ಈಗ ಮರುಶಸ್ತ್ರಚಿಕಿತ್ಸೆಗೆ ಬರೋಣ. ಇದು ಮೊದಲಿನದಕ್ಕಿಂತ ದೀರ್ಘ. ಹಳೆಯ ಸಿಮೆಂಟು ಒಡೆದು ತೆಗೆಯಬೇಕು, ಮೂಳೆ ಕಳೆದುಹೋದಲ್ಲಿ ತುಂಬಬೇಕು. ಗಾಯದ ಜಾಗದಲ್ಲಿ ಹಳೆಯ ಕಲೆಯ ಅಂಗಾಂಶವಿದ್ದು ಅದರಲ್ಲಿ ರಕ್ತಸಂಚಾರ ಕಡಿಮೆ. ಒಳಗೆ ಇಡುವ ಲೋಹವೂ ಹೆಚ್ಚು, ರಕ್ತಸ್ರಾವವೂ ಹೆಚ್ಚು. ಇವೆಲ್ಲ ಸರಿ. ಆದರೆ ಮುಖ್ಯ ಕಾರಣ ಬೇರೆ ಇದೆ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಬ್ಯಾಕ್ಟೀರಿಯ ಹೊರಗಿರುತ್ತದೆ. ಒಳಗೆ ಬರದಂತೆ ತಡೆದರೆ ಸಾಕು. ಎರಡನೆಯದರಲ್ಲಿ ಅದು ಆಗಲೇ ಒಳಗೆ ಮನೆ ಮಾಡಿಕೊಂಡಿರಬಹುದು.

ಜ್ವರವಿಲ್ಲ, ಕೀವಿಲ್ಲ, ಊತವಿಲ್ಲ. ಕೀಲು ಸಡಿಲವಾಗಿದೆ, ನೋವಿದೆ ಅಷ್ಟೆ. ಸವೆತದಿಂದಾದ ಸಡಿಲಿಕೆ ಎಂದೇ ತೋರುತ್ತದೆ. ಆದರೆ ಚರ್ಮದ ಮೇಲೆ ನಮ್ಮೆಲ್ಲರ ಜೊತೆ ಸುಖವಾಗಿ ಬಾಳುವ ಸ್ಟೆಫಿಲೊಕಾಕಸ್ ಎಪಿಡರ್ಮಿಡಿಸ್ ಅಥವಾ ಮೊಡವೆಗೆ ಸಂಬಂಧಿಸಿದ ಕ್ಯುಟಿಬ್ಯಾಕ್ಟೀರಿಯಂ ಏಕ್ನೆಸ್ ವರ್ಷಗಟ್ಟಲೆ ಸದ್ದಿಲ್ಲದೆ ಲೋಹದ ಮೇಲೆ ಪೊರೆಯಾಗಿ ಕುಳಿತಿರಬಹುದು. ಅದನ್ನು ಅರಿಯದೆ ಹೊಸ ಕೀಲನ್ನು ಅದೇ ಜಾಗದಲ್ಲಿ ಕೂರಿಸಿದರೆ ಆಗುವುದೇನು? ಮನೆ ಬದಲಿಸಿದರೂ ಹಳೆಯ ಬಾಡಿಗೆದಾರನನ್ನು ಜೊತೆಯಲ್ಲೇ ಕರೆತಂದಂತೆ. ಆದ್ದರಿಂದ ಮರುಶಸ್ತ್ರಚಿಕಿತ್ಸೆಯಲ್ಲಿ ಸೋಂಕು ತಡೆಯುವ ಕೆಲಸದ ಅರ್ಧಕ್ಕೂ ಹೆಚ್ಚು ಭಾಗ ಪತ್ತೇದಾರಿ ಕೆಲಸ ಎಂಬುದು ನನ್ನ ಅಭಿಪ್ರಾಯ. ಕೊಠಡಿಯ ಶುಚಿತ್ವಕ್ಕೆ ಸಿಗುವಷ್ಟು ಪ್ರಚಾರ ಇದಕ್ಕೆ ಸಿಕ್ಕಿಲ್ಲ.

ಪತ್ತೆ ರಕ್ತದಿಂದ ಶುರುವಾಗುತ್ತದೆ. ಉರಿಯೂತವಿದ್ದಾಗ ಏರುವ ಸಿ-ರಿಯಾಕ್ಟಿವ್ ಪ್ರೋಟೀನಿನ ಮಟ್ಟ ನೋಡುತ್ತಾರೆ. ಅನಂತರ ಸೂಜಿ ಹಾಕಿ ಕೀಲಿನ ದ್ರವ ತೆಗೆದು, ಬಿಳಿ ರಕ್ತಕಣಗಳನ್ನು ಎಣಿಸಿ, ಬ್ಯಾಕ್ಟೀರಿಯ ಬೆಳೆಯುವುದೇ ಎಂದು ಪರೀಕ್ಷಿಸುತ್ತಾರೆ. ಬಿಳಿ ರಕ್ತಕಣಗಳೇ ಹೊರಬಿಡುವ ಆಲ್ಫಾ ಡಿಫೆನ್ಸಿನ್ ಎಂಬ ಪ್ರೋಟೀನನ್ನು ಆ ದ್ರವದಲ್ಲಿ ಹುಡುಕುವ ಪರೀಕ್ಷೆಯೂ ಈಗ ಇದೆ. ಮೊಡವೆಯ ಬ್ಯಾಕ್ಟೀರಿಯದಂತಹವು ತೀರ ನಿಧಾನವಾಗಿ ಬೆಳೆಯುವುದರಿಂದ ಕೃಷಿ ಮಾಡಿದ ಮಾದರಿಗಳನ್ನು ಎರಡು ವಾರದವರೆಗೆ ಇಟ್ಟು ಕಾಯಬೇಕು. ಎರಡು ದಿನಕ್ಕೇ 'ಏನೂ ಬೆಳೆದಿಲ್ಲ' ಎಂದು ಬರೆದುಕೊಟ್ಟರೆ ಮೋಸಹೋದಂತೆ.

ಶಸ್ತ್ರಚಿಕಿತ್ಸೆಯ ವೇಳೆ ಕೀಲಿನ ಸುತ್ತಲಿಂದ ಐದಾರು ಚೂರು ಅಂಗಾಂಶವನ್ನು ಪರೀಕ್ಷೆಗೆ ತೆಗೆಯುತ್ತಾರೆ. ಒಂದು ಸಾಲದೇ? ಗಣಿತದ ಅಧ್ಯಾಪಕರು ಇಲ್ಲಿ ಗಮನಿಸಬೇಕು. ಎಪಿಡರ್ಮಿಡಿಸ್ ಎಲ್ಲರ ಚರ್ಮದಲ್ಲೂ ಇದೆ. ಮಾದರಿ ತೆಗೆಯುವಾಗ ಅಕಸ್ಮಾತ್ತಾಗಿ ಸೇರಿಕೊಳ್ಳಬಹುದು. ಹೀಗೆ ಒಂದು ಮಾದರಿ ಕಲುಷಿತವಾಗುವ ಸಂಭವ 20ರಲ್ಲಿ 1 ಎಂದಿಟ್ಟುಕೊಳ್ಳೋಣ. ಐದು ಮಾದರಿ ತೆಗೆದರೆ ಒಂದಾದರೂ ಸುಳ್ಳು ಹೇಳುವ ಸಂಭವ ಸುಮಾರು ಶೇ. 23. ಇದು ದೊಡ್ಡದೇ. ಆದರೆ ಎರಡೋ ಹೆಚ್ಚೋ ಸುಳ್ಳು ಹೇಳುವ ಸಂಭವ ಶೇ. 2ರ ಹತ್ತಿರಕ್ಕೆ ಇಳಿಯುತ್ತದೆ. ಮೂರೋ ಹೆಚ್ಚೋ ಆದರೆ ಸಾವಿರಕ್ಕೆ ಒಂದರಷ್ಟು. ಜೊತೆಗೆ ಎಲ್ಲವೂ ಒಂದೇ ಬ್ಯಾಕ್ಟೀರಿಯದ ಹೆಸರು ಹೇಳಬೇಕೆಂದರೆ ಇನ್ನೂ ಕಡಿಮೆ. ಒಂದು ಷರತ್ತು: ಮಾದರಿಗಳು ಪರಸ್ಪರ ಸ್ವತಂತ್ರವಾಗಿರಬೇಕು. ಅದಕ್ಕಾಗಿಯೇ ಪ್ರತಿಯೊಂದು ಚೂರಿಗೂ ಬೇರೆ ಬೇರೆ ಉಪಕರಣ, ಬೇರೆ ಬೇರೆ ಸೀಸೆ. ಆಕ್ಸ್‌ಫರ್ಡಿನ ತಂಡವೊಂದು 1998ರಲ್ಲಿ ಐದಾರು ಮಾದರಿ ತೆಗೆಯಬೇಕು, ಮೂರರಲ್ಲಿ ಒಂದೇ ಬ್ಯಾಕ್ಟೀರಿಯ ಸಿಕ್ಕರೆ ಸೋಂಕು ಖಚಿತ ಎಂದು ತೋರಿಸಿದ್ದು ಇದೇ ತರ್ಕದಿಂದ. ಈಚೆಗೆ ಎರಡರಲ್ಲಿ ಸಿಕ್ಕರೂ ಸೋಂಕು ಎಂದು ಒಪ್ಪುವುದು ರೂಢಿ.

ಬ್ಯಾಕ್ಟೀರಿಯ ಅಂಗಾಂಶಕ್ಕಿಂತ ಹೆಚ್ಚಾಗಿ ಲೋಹದ ಮೇಲೆಯೇ ಅಂಟಿಕೊಂಡಿದ್ದರೆ? ಕಿತ್ತ ಕೀಲನ್ನು ದ್ರವದಲ್ಲಿ ಮುಳುಗಿಸಿ ಸುಮಾರು 40 ಕಿಲೋಹರ್ಟ್ಸ್ ಆವರ್ತಾಂಕದ ಶ್ರವಣಾತೀತ ಧ್ವನಿಗೆ ಒಡ್ಡುತ್ತಾರೆ. ಒತ್ತಡದ ಏರಿಳಿತದಿಂದ ದ್ರವದಲ್ಲಿ ಸೂಕ್ಷ್ಮ ಗುಳ್ಳೆಗಳು ಹುಟ್ಟಿ, ಲೋಹದ ಮೇಲ್ಮೈ ಬಳಿ ಕುಸಿದು, ಪೊರೆಯನ್ನು ಕಿತ್ತೆಬ್ಬಿಸುತ್ತವೆ. ಕನ್ನಡಕದ ಅಂಗಡಿಯಲ್ಲಿ ಕನ್ನಡಕ ಶುಚಿ ಮಾಡುವ ಪುಟ್ಟ ತೊಟ್ಟಿಯ ತತ್ತ್ವವೇ ಇದು. ಅನಂತರ ಆ ದ್ರವವನ್ನು ಪರೀಕ್ಷಿಸುತ್ತಾರೆ. ಆಂಡ್ರೆ ಟ್ರಾಂಪುಜ್ ಮತ್ತು ಸಂಗಡಿಗರು 2007ರಲ್ಲಿ 331 ರೋಗಿಗಳ ಸೊಂಟ ಮತ್ತು ಮಂಡಿಯ ಕೀಲುಗಳಲ್ಲಿ ಇದನ್ನು ಒರೆಗೆ ಹಚ್ಚಿದರು. ಸೋಂಕಿದ್ದವರಲ್ಲಿ ಅಂಗಾಂಶದ ಪರೀಕ್ಷೆ ಶೇ. 61ರಷ್ಟನ್ನು ಹಿಡಿದರೆ ಧ್ವನಿಯ ವಿಧಾನ ಶೇ. 79ರಷ್ಟನ್ನು ಹಿಡಿಯಿತು. ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರದೊಳಗೆ ಪ್ರತಿಜೈವಿಕ ಸೇವಿಸಿದ್ದವರಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು: 45ಕ್ಕೆ ಎದುರಾಗಿ 75.

ಈ ಕೊನೆಯ ಅಂಕಿಗಳನ್ನು ಇನ್ನೊಂದು ಬಗೆಯಲ್ಲೂ ಓದಬೇಕು. ಔಷಧಿ ಅಂಗಡಿಯಿಂದ ತಾವೇ ಪ್ರತಿಜೈವಿಕ ತಂದು ನಾಲ್ಕು ದಿನ ನುಂಗುವ ಅಭ್ಯಾಸ ನಮ್ಮಲ್ಲಿದೆ. ಕೃತಕ ಕೀಲಿನ ನೋವಿಗೆ ಹೀಗೆ ಮಾಡಿದರೆ ಪೊರೆಯೊಳಗಿನ ಬ್ಯಾಕ್ಟೀರಿಯ ಸಾಯುವುದಿಲ್ಲ, ಪರೀಕ್ಷೆಗೆ ಮಾತ್ರ ಸಿಗುವುದಿಲ್ಲ. ಕಳ್ಳನನ್ನು ಹಿಡಿಯುವ ಮೊದಲು ಸೀಟಿ ಊದಿದ ಹಾಗೆ.

ಗಾಳಿಯ ಲೆಕ್ಕ

ಹಳೆಯ ಸೋಂಕು ಇಲ್ಲ ಎಂದು ತಿಳಿದ ಮೇಲೆ ಹೊರಗಿನಿಂದ ಬರುವ ಬ್ಯಾಕ್ಟೀರಿಯದ ಪ್ರಶ್ನೆ. ಚಾರ್ನ್‌ಲಿ ಗುಮಾನಿಪಟ್ಟದ್ದು ಗಾಳಿಯನ್ನು. ಹೆಂಚಿನ ಸಂದಿಯಿಂದ ಬೀಳುವ ಬಿಸಿಲುಕೋಲಿನಲ್ಲಿ ತೇಲುವ ಕಣಗಳನ್ನು ನೀವು ನೋಡಿದ್ದೀರಿ. ಅವುಗಳಲ್ಲಿ ಒಂದಷ್ಟು ನಮ್ಮದೇ ಚರ್ಮದ ಚಕ್ಕೆಗಳು. ಓಡಾಡುವ ಮನುಷ್ಯ ನಿಮಿಷಕ್ಕೆ ಸುಮಾರು ಹತ್ತು ಸಾವಿರ ಚಕ್ಕೆಗಳನ್ನು ಉದುರಿಸುತ್ತಾನೆ. ಅವುಗಳಲ್ಲಿ ಹತ್ತಕ್ಕೆ ಒಂದರಷ್ಟರ ಮೇಲೆ ಬ್ಯಾಕ್ಟೀರಿಯ ಇರುತ್ತದೆ.

ಸ್ಟೋಕ್ಸ್ ನಿಯಮವನ್ನು ಇಲ್ಲಿ ಅನ್ವಯಿಸಿ ನೋಡೋಣ. ಬೀಳುವ ಕಣದ ಅಂತಿಮ ವೇಗ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಬ್ಯಾಕ್ಟೀರಿಯ ಹೊತ್ತ ಚಕ್ಕೆಯನ್ನು 12 ಮೈಕ್ರೋಮೀಟರ್ ವ್ಯಾಸದ, ನೀರಿನ ಸಾಂದ್ರತೆಯ ಗೋಲಕ್ಕೆ ಸಮಾನ ಎಂದು ತೆಗೆದುಕೊಂಡರೆ, ಗಾಳಿಯಲ್ಲಿ ಅದರ ಅಂತಿಮ ವೇಗ ನಿಮಿಷಕ್ಕೆ 26 ಸೆಂ.ಮೀ. ಬರುತ್ತದೆ. ಒಂದು ಮೀಟರ್ ಮೇಲಿನಿಂದ ನಾಲ್ಕು ನಿಮಿಷದಲ್ಲಿ ಗಾಯಕ್ಕೆ ಬೀಳುತ್ತದೆ. 1 ಮೈಕ್ರೋಮೀಟರಿನ ಒಂಟಿ ಬ್ಯಾಕ್ಟೀರಿಯವಾದರೆ ವೇಗ 144 ಪಟ್ಟು ಕಡಿಮೆ. ಅದೇ ದೂರ ಬೀಳಲು ಒಂಬತ್ತು ಗಂಟೆ ಬೇಕು! ಗಾಯಕ್ಕೆ ಬೀಳುವುದು ಒಂಟಿ ಬ್ಯಾಕ್ಟೀರಿಯವಲ್ಲ, ಚಕ್ಕೆಯ ಸವಾರಿ ಮಾಡುವ ಬ್ಯಾಕ್ಟೀರಿಯ.

ಸಾಮಾನ್ಯ ವಾತಾಯನವಿದ್ದ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಇಂತಹ 164 ಕಣಗಳು ಇದ್ದುದನ್ನು ಬ್ರಿಟನ್ನಿನಲ್ಲಿ ಅಳೆದಿದ್ದಾರೆ. ಗಾಯದ ವಿಸ್ತಾರ 100 ಚದರ ಸೆಂ.ಮೀ. ಎಂದರೆ ನಿಮಿಷಕ್ಕೆ ಬೀಳುವುದು ಅರ್ಧಕ್ಕೂ ಕಡಿಮೆ, ಸುಮಾರು 0.43. ಮೂರು ಗಂಟೆಯ ಮರುಶಸ್ತ್ರಚಿಕಿತ್ಸೆಯಲ್ಲಿ 77. ಎಲೆಕ್ ಮತ್ತು ಕೋನೆನ್ ಕಂಡ ನೂರಕ್ಕೆ ಇದು ಎಷ್ಟು ಹತ್ತಿರ ನೋಡಿ. ಪಕ್ಕದಲ್ಲಿ ಉಪಕರಣಗಳನ್ನು ಹರಡಿದ ಒಂದು ಚದರ ಮೀಟರಿನ ಮೇಜಿನ ಮೇಲೆ ಇದರ ನೂರು ಪಟ್ಟು ಬೀಳುತ್ತದೆ. ಅದರಲ್ಲಿ ಒಂದು ಪಾಲು ಕೈ ಮತ್ತು ಉಪಕರಣದ ಮೂಲಕ ಗಾಯಕ್ಕೇ ಬರುತ್ತದೆ. ಲೆಕ್ಕ ಒರಟು, ಚರ್ಮದ ಪ್ರಯೋಗ ಬೇರೆ ಕೀಲು ಬೇರೆ ಎಂಬುದು ನಿಜ. ಆದರೂ ಚಾರ್ನ್‌ಲಿಯವರ ಗುಮಾನಿ ಗಾಳಿಗೋಪುರವಾಗಿರಲಿಲ್ಲ.

ಅವರು ಹೋವರ್ತ್ ಎಂಬ ವಾತಾಯನ ಇಂಜಿನಿಯರರ ನೆರವಿನಿಂದ ಕೊಠಡಿಯೊಳಗೆ ಗಾಜಿನ ಮನೆಯಂತಹ ಆವರಣ ಕಟ್ಟಿ, ಸೋಸಿದ ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಹರಿಸಿದರು. ವೈದ್ಯರಿಗೆ ಮೈತುಂಬ ಮುಚ್ಚುವ ದಿರಿಸು. ಅವರ ಉಸಿರು ಮತ್ತು ಚಕ್ಕೆಗಳನ್ನು ಕೊಳವೆಯಿಂದ ಹೊರಕ್ಕೆ ಎಳೆಯುವ ಏರ್ಪಾಡು. ಶೇ. 7 ಇದ್ದ ಸೋಂಕು ಸುಮಾರು ಹತ್ತು ವರ್ಷಗಳಲ್ಲಿ ಶೇ. 1ಕ್ಕೂ ಕೆಳಗಿಳಿಯಿತು. ಆದರೆ ಆ ಅವಧಿಯಲ್ಲಿ ಹೊಲಿಗೆ ಹಾಕುವ ಕ್ರಮ, ಅನುಭವ ಎಲ್ಲವೂ ಸುಧಾರಿಸಿದ್ದವು. ಶ್ರೇಯಸ್ಸು ಗಾಳಿಗೇ ಸಲ್ಲಬೇಕೇ? ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಓವೆನ್ ಲಿಡ್‌ವೆಲ್ ನೇತೃತ್ವದಲ್ಲಿ 19 ಆಸ್ಪತ್ರೆಗಳ 8,055 ಶಸ್ತ್ರಚಿಕಿತ್ಸೆಗಳಲ್ಲಿ ಇದನ್ನು ಪರೀಕ್ಷಿಸಿತು. ಯಾರಿಗೆ ಯಾವ ಕೊಠಡಿ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. 1982ರಲ್ಲಿ ಪ್ರಕಟವಾದ ಫಲಿತಾಂಶ: ಸಾಮಾನ್ಯ ಕೊಠಡಿಯಲ್ಲಿ ಶೇ. 1.5, ಅತಿಶುದ್ಧ ಗಾಳಿಯಲ್ಲಿ ಶೇ. 0.6. ಘನ ಮೀಟರಿಗೆ 10 ಕಣಗಳಿಗಿಂತ ಕಡಿಮೆ ಇದ್ದರೆ 'ಅತಿಶುದ್ಧ'. ನಮ್ಮ ಲೆಕ್ಕದಲ್ಲಿ 10 ಎಂದು ಹಾಕಿದರೆ 77ರ ಜಾಗದಲ್ಲಿ 5 ಬರುತ್ತದೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಭೌತವಿಜ್ಞಾನದ ಅಧ್ಯಾಪಕರಿಗೆ ಹಬ್ಬ. ಮುಗಿಯಲಿಲ್ಲ. ಅದೇ ಅಧ್ಯಯನದಲ್ಲಿ ಪ್ರತಿಜೈವಿಕ ಪಡೆದವರಲ್ಲೂ ಸೋಂಕು ಗಣನೀಯವಾಗಿ ಕಡಿಮೆಯಿತ್ತು; ಆದರೆ ಆ ಔಷಧಿಯನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಮುಂದೆ ಎಲ್ಲರಿಗೂ ಮುಂಚಿತವಾಗಿ ಪ್ರತಿಜೈವಿಕ ಕೊಡುವುದು ರೂಢಿಯಾಯಿತು. ಆ ಕಾಲದ ದೊಡ್ಡ ದಾಖಲೆಗಳನ್ನು ಜರ್ಮನಿ ಮತ್ತು ನ್ಯೂಜಿಲೆಂಡಿನಲ್ಲಿ ಪರಿಶೀಲಿಸಿದಾಗ ಅತಿಶುದ್ಧ ಗಾಳಿಯ ಕೊಠಡಿಗಳಿಂದ ಲಾಭ ಕಾಣಲಿಲ್ಲ. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೀಲು ಬದಲಿಯಲ್ಲಿ ಸೋಂಕು ತಗ್ಗಿಸಲೆಂದು ಇಂತಹ ವ್ಯವಸ್ಥೆ ಬಳಸಬೇಕಿಲ್ಲ ಎಂದು ಸಲಹೆ ಮಾಡಿತು. ಆಧಾರ ದುರ್ಬಲ ಎಂಬುದನ್ನೂ ಹೇಳಿತು. ಬಾಗಿದ ತಲೆ, ಬಿಸಿಯಾದ ದೀಪ, ತೆರೆಯುವ ಬಾಗಿಲು – ಇವು ನೇರ ಹರಿವನ್ನು ಪ್ರಕ್ಷುಬ್ಧಗೊಳಿಸುತ್ತವೆ. ತಂಪು ಗಾಳಿ ರೋಗಿಯ ಮೈಯನ್ನೂ ತಣ್ಣಗಾಗಿಸುತ್ತದೆ. ಮೈ ತಣ್ಣಗಾದಷ್ಟೂ ರಕ್ಷಣೆ ಕುಗ್ಗುತ್ತದೆ. ಇನ್ನೂ ವಾದ ನಡೆದಿದೆ. ಕೊಠಡಿಯಲ್ಲಿ ಜನ ಕಡಿಮೆ ಇರಲಿ, ಬಾಗಿಲು ಪದೇ ಪದೇ ತೆರೆಯದಿರಲಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ; ಅದಕ್ಕೆ ಕೋಟಿಗಟ್ಟಲೆ ಹಣವೂ ಬೇಕಿಲ್ಲ.

ಔಷಧಿ: ಯಾವಾಗ, ಎಲ್ಲಿಂದ?

1961ರಲ್ಲಿ ಬಾಸ್ಟನ್ನಿನ ಜಾನ್ ಬರ್ಕ್ ಗಿನಿಯಿಲಿಗಳಲ್ಲಿ ತೋರಿಸಿದ ಸಂಗತಿ ಇಂದಿಗೂ ಆಧಾರ. ಬ್ಯಾಕ್ಟೀರಿಯ ಬರುವ ಮೊದಲೇ ಪ್ರತಿಜೈವಿಕ ಅಂಗಾಂಶದಲ್ಲಿದ್ದರೆ ಪರಿಣಾಮ ಅತ್ಯುತ್ತಮ. ಮೂರು ಗಂಟೆ ತಡವಾದರೆ ಕೊಟ್ಟರೂ ಕೊಡದಿದ್ದರೂ ಒಂದೇ. ಆದ್ದರಿಂದ ಚರ್ಮ ಕೊಯ್ಯುವ ಮುಂಚಿನ ಒಂದೆರಡು ಗಂಟೆಯೊಳಗೆ ಔಷಧಿ ರಕ್ತ ಸೇರಬೇಕು. ಶಸ್ತ್ರಚಿಕಿತ್ಸೆ ದೀರ್ಘವಾದರೆ, ರಕ್ತ ಹೆಚ್ಚು ಹೋದರೆ, ನಡುವೆ ಇನ್ನೊಂದು ಸಲ ಕೊಡಬೇಕು. ಮರುಶಸ್ತ್ರಚಿಕಿತ್ಸೆಯಲ್ಲಿ ಇದು ಸಾಮಾನ್ಯ.

ರಕ್ತದಿಂದ ಬರುವ ಔಷಧಿ ಲೋಹದ ಮೇಲ್ಮೈಯನ್ನು ಸರಿಯಾಗಿ ತಲುಪುವುದಿಲ್ಲ ಎಂದೆವಲ್ಲ? ಲೋಹದ ಪಕ್ಕದಿಂದಲೇ ಔಷಧಿ ಹೊರಟರೆ? ಹ್ಯಾಂಬರ್ಗಿನ ಹಾನ್ಸ್-ವಿಲ್‌ಹೆಲ್ಮ್ ಬುಖ್‌ಹೋಲ್ಜ್ 1970ರ ಸುಮಾರಿಗೆ ಮೂಳೆ ಸಿಮೆಂಟಿಗೆ ಜೆಂಟಾಮೈಸಿನ್ ಬೆರೆಸಿದರು. ಹೆಸರು ಸಿಮೆಂಟು, ವಸ್ತು ಅಕ್ರಿಲಿಕ್ ಪ್ಲಾಸ್ಟಿಕ್. ಪುಡಿಯನ್ನೂ ದ್ರವವನ್ನೂ ಕಲಸಿದಾಗ ಬಿಸಿ ಹೊಮ್ಮಿ ಗಟ್ಟಿಯಾಗುತ್ತದೆ. ಆ ಬಿಸಿಗೆ ಕೆಡದ ಜೆಂಟಾಮೈಸಿನ್, ಟೋಬ್ರಾಮೈಸಿನ್, ವ್ಯಾಂಕೋಮೈಸಿನ್‌ನಂತಹವು ಮಾತ್ರ ಇಲ್ಲಿ ಸಲ್ಲುತ್ತವೆ. ಪ್ಲಾಸ್ಟಿಕ್ಕಿನ ಒಳಗಿನಿಂದ ಔಷಧಿ ಹೊರಬರಲಾರದು; ಮೇಲ್ಮೈ ಮತ್ತು ಅದಕ್ಕೆ ಸಂಪರ್ಕವಿರುವ ರಂಧ್ರಗಳಲ್ಲಿರುವುದಷ್ಟೇ ವಿಸರಣೆಯಿಂದ ಹೊರಡುತ್ತದೆ. ಹಾಗಾಗಿ ಮೊದಲ ಒಂದೆರಡು ದಿನ ರಭಸದ ಬಿಡುಗಡೆ, ಆಮೇಲೆ ಸಣ್ಣ ಒಸರು, ಬಹುಪಾಲು ಒಳಗೇ ಬಂದಿ. ಓಟದ ಪಂದ್ಯದ ಮೊದಲ ಗಂಟೆಗಳೇ ನಿರ್ಣಾಯಕ ಎಂದ ಮೇಲೆ ಈ ರಭಸ ವರವೇ ಸರಿ. ಕೀಲಿನ ಬಳಿ ರಕ್ತದ ಮೂಲಕ ಎಂದೂ ಸಾಧಿಸಲಾಗದ ಸಾರತೆ ಸಿಗುತ್ತದೆ, ಮೂತ್ರಪಿಂಡಕ್ಕೆ ಹೊರೆ ಕಡಿಮೆ.

ಹಾಗಾದರೆ ಹೆಚ್ಚು ಹೆಚ್ಚು ಬೆರೆಸಬಹುದಲ್ಲ? ಬೆರೆಸಿದಷ್ಟೂ ಸಿಮೆಂಟು ಬಲ ಕಳೆದುಕೊಳ್ಳುತ್ತದೆ. ಕೀಲನ್ನು ಶಾಶ್ವತವಾಗಿ ಹಿಡಿಯುವ ಸಿಮೆಂಟಿಗೆ 40 ಗ್ರಾಮಿಗೆ ಒಂದು ಗ್ರಾಮಿನಷ್ಟು ಬೆರೆಸುವುದು ವಾಡಿಕೆ. ಕೆಲವು ವಾರ ಇದ್ದು ಹೊರಬರುವ ತಾತ್ಕಾಲಿಕ ಸಿಮೆಂಟು ತುಂಡಿಗಾದರೆ ಹಲವು ಪಟ್ಟು. ನಾರ್ವೆಯಲ್ಲಿ 1987ರಿಂದ ಸೊಂಟದ ಕೀಲು ಬದಲಿಗಳನ್ನು ದಾಖಲಿಸುತ್ತ ಬಂದಿದ್ದಾರೆ. ರಕ್ತದ ಮೂಲಕವೂ ಸಿಮೆಂಟಿನ ಮೂಲಕವೂ ಔಷಧಿ ಪಡೆದವರಲ್ಲಿ ಕೀಲು ಕೆಡುವುದು ಅತಿ ಕಡಿಮೆ ಎಂದು ಆ ದಾಖಲೆಗಳು ತೋರಿಸಿವೆ.

ಉಳಿದ ಕ್ರಮಗಳನ್ನು ಬೇಗ ಹೇಳಿಬಿಡುತ್ತೇನೆ. ಕೂದಲನ್ನು ಬ್ಲೇಡಿನಿಂದ ಬೋಳಿಸಬಾರದು. ಗೀರುಗಳಲ್ಲಿ ಬ್ಯಾಕ್ಟೀರಿಯ ಬೆಳೆಯುತ್ತದೆ. ಅಗತ್ಯವಿದ್ದರೆ ಕತ್ತರಿಸುವ ಯಂತ್ರ ಸಾಕು. ಮೂಗಿನ ಹೊಳ್ಳೆಯಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಹೊತ್ತು ತಿರುಗುವವರನ್ನು ಗುರುತಿಸಿ ಮುಪಿರೋಸಿನ್ ಮುಲಾಮು ಮತ್ತು ಕ್ಲೋರ್‌ಹೆಕ್ಸಿಡಿನ್ ಸ್ನಾನ ಕೊಟ್ಟಾಗ ಆ ಬ್ಯಾಕ್ಟೀರಿಯದ ಸೋಂಕು ಶೇ. 7.7ರಿಂದ 3.4ಕ್ಕೆ ಇಳಿದುದನ್ನು 2010ರ ಡಚ್ ಅಧ್ಯಯನ ತೋರಿಸಿತು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಧೂಮಪಾನ ಬಿಟ್ಟಿರಬೇಕು. ಹೊಲಿಯುವ ಮುನ್ನ ತೆಳು ಪೊವಿಡೋನ್ ಅಯೋಡಿನ್ ದ್ರಾವಣವನ್ನು ಗಾಯದಲ್ಲಿ ಮೂರು ನಿಮಿಷ ನಿಲ್ಲಿಸಿ ತೊಳೆಯುವ ಕ್ರಮ ಅನೇಕ ಕಡೆ ಬಂದಿದೆ, ಅಗ್ಗದ ಉಪಾಯ.

ಒಂದೇ ಸಲವೋ, ಎರಡು ಸಲವೋ?

ಹಳೆಯ ಕೀಲಿನಲ್ಲಿ ಸೋಂಕು ಇರುವುದು ಖಚಿತವಾದರೆ? ಸೋಂಕು ಇನ್ನೂ ಹೊಸದಾಗಿದ್ದು ಪೊರೆ ಬಲಿಯದಿದ್ದರೆ ಕೀಲನ್ನು ಉಳಿಸಿ, ಬದಲಿಸಬಹುದಾದ ಭಾಗಗಳನ್ನಷ್ಟೆ ಬದಲಿಸಿ ತೊಳೆಯುವುದುಂಟು. ಹಳೆಯ ಸೋಂಕಾದರೆ ಎಲ್ಲವನ್ನೂ ಕೀಳಲೇಬೇಕು. ಬುಖ್‌ಹೋಲ್ಜ್ ಅವರದು ಒಂದೇ ಹಂತದ ದಾರಿ: ಕಿತ್ತು, ಸತ್ತ ಅಂಗಾಂಶವನ್ನೆಲ್ಲ ಕೊಯ್ದು ತೆಗೆದು, ಪ್ರತಿಜೈವಿಕ ಸಿಮೆಂಟಿನಿಂದ ಅದೇ ದಿನ ಹೊಸದನ್ನು ಕೂರಿಸುವುದು. 1981ರಲ್ಲಿ ಅವರು 583 ರೋಗಿಗಳ ಫಲಿತಾಂಶ ಪ್ರಕಟಿಸಿದರು. ಮೊದಲ ಪ್ರಯತ್ನಕ್ಕೇ ಶೇ. 77 ಮಂದಿಗೆ ಸೋಂಕು ಹೋಯಿತು. ಬೇರೆಯವರಿಗೆ ಇದು ದುಡುಕು ಎನಿಸಿತು. ಅವರು ಎರಡು ಹಂತ ಮಾಡಿದರು: ಕಿತ್ತ ಜಾಗದಲ್ಲಿ ಔಷಧಿ ತುಂಬಿದ ಸಿಮೆಂಟು ತುಂಡನ್ನಿಟ್ಟು, ವಾರಗಟ್ಟಲೆ ಚಿಕಿತ್ಸೆ ಕೊಟ್ಟು, ಸೋಂಕು ಹೋಯಿತೆಂದು ಕಂಡ ಮೇಲೆ ಹೊಸದನ್ನು ಕೂರಿಸುವುದು. ಇದು ಎಚ್ಚರಿಕೆಯ ದಾರಿ ಎಂಬ ನಂಬಿಕೆ ದಶಕಗಳ ಕಾಲ ಪ್ರಬಲವಾಗಿತ್ತು. ಬೆಲೆ ತೆರುತ್ತಿದ್ದವರು ರೋಗಿಗಳು: ಎರಡು ಸಲ ಅರಿವಳಿಕೆ, ಎರಡು ಸಲ ರಕ್ತಸ್ರಾವ, ನಡುವೆ ಎರಡು ಮೂರು ತಿಂಗಳು ಸರಿಯಾಗಿ ಕಾಲೂರಲಾಗದ ಸ್ಥಿತಿ.

ಎರಡನ್ನೂ ನೇರವಾಗಿ ಹೋಲಿಸಿ, ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚಿ ನಡೆಸಿದ 'ಇನ್‌ಫಾರ್ಮ್' ಎಂಬ ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಬ್ರಿಟನ್ ಮತ್ತು ಸ್ವೀಡನ್ನಿನ 15 ಕೇಂದ್ರಗಳ 140 ರೋಗಿಗಳು ಅದರಲ್ಲಿದ್ದರು. ಹದಿನೆಂಟು ತಿಂಗಳ ನಂತರ ನೋವು, ಓಡಾಟ ಮುಂತಾದವುಗಳ ಅಳತೆಯಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಆದರೆ ಒಂದೇ ಹಂತದವರು ಮೂರು ತಿಂಗಳಿಗೇ ಚೇತರಿಸಿಕೊಂಡಿದ್ದರು. ಶಸ್ತ್ರಚಿಕಿತ್ಸೆಯ ವೇಳೆಯ ತೊಡಕುಗಳೂ ಖರ್ಚೂ ಅವರಲ್ಲಿ ಕಡಿಮೆ. ಯಾವ ಬ್ಯಾಕ್ಟೀರಿಯ, ಅದಕ್ಕೆ ಯಾವ ಔಷಧಿ ತಗಲುತ್ತದೆ ಎಂಬುದು ಮೊದಲೇ ಗೊತ್ತಿದ್ದು, ಮೂಳೆ ಮತ್ತು ಚರ್ಮ ಸುಸ್ಥಿತಿಯಲ್ಲಿರುವವರಿಗೆ ಒಂದೇ ಹಂತದತ್ತ ಒಲವು ಈಗ ಹೆಚ್ಚುತ್ತಿದೆ. ಬ್ಯಾಕ್ಟೀರಿಯದ ಗುರುತು ಸಿಗದವರಿಗೆ, ಔಷಧಿಗೆ ಮಣಿಯದ ಬ್ಯಾಕ್ಟೀರಿಯ ಇರುವವರಿಗೆ, ಗಾಯ ಮುಚ್ಚಲಾಗದಷ್ಟು ಅಂಗಾಂಶ ಹಾಳಾದವರಿಗೆ ಎರಡು ಹಂತವನ್ನೇ ಆಯ್ದುಕೊಳ್ಳುತ್ತಾರೆ.